ಮರಿಗಳ ಮೊದಲ ವಾರ

ಅಡಿಕೆಯ ವಿಷಯದಲ್ಲಿ ನನ್ನ ಮಾವ ಹೇಳಿದ ಮಾತು ಸುಳ್ಳಾದದ್ದನ್ನು ನಾನು ಇದುವರೆಗೆ ನೋಡಿಲ್ಲ. ಸೋಗೆಯ ಬಣ್ಣ ನೋಡಿ ಬೇರಿಗೆ ಏನಾಗಿದೆ ಎಂದು ಹೇಳುತ್ತಾರೆ. ಸುಳ್ಯದಿಂದ ಸಂಪಾಜೆಯವರೆಗಿನ ಊರುಗಳ ಜನ ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ತಮ್ಮ ತೋಟ ತೋರಿಸುತ್ತಾರೆ. ನನ್ನ ಕೋಳಿ ಶೆಡ್ಡಿಗೆ ಆದ ಅನಾಹುತ ಯಾವನೋ ದಡ್ಡನಿಂದ ಆಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಆದದ್ದು ಊರಿಗೇ ಬುದ್ಧಿ ಹೇಳುವವರಿಂದ, ಅದೂ ಮರಿಗಳ ಮೇಲಿನ ಪ್ರೀತಿಯಿಂದ. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯಲಿಕ್ಕೂ ಬರುವುದಿಲ್ಲ, ನುಂಗಿಕೊಳ್ಳಲಿಕ್ಕೂ ಆಗುವುದಿಲ್ಲ.

ನಮ್ಮ ಸುತ್ತಮುತ್ತ ಬ್ರಾಯ್ಲರ್ ಸಾಕುವವರಲ್ಲಿ ಹೆಚ್ಚಿನವರು ಕಂಪೆನಿಗೆ ಸಾಕುವವರು. ಮರಿ ಕಂಪೆನಿಯದ್ದು, ಫೀಡ್ ಕಂಪೆನಿಯದ್ದು, ಕೊನೆಗೆ ಕೋಳಿಯೂ ಕಂಪೆನಿಯದ್ದೇ. ಸಾಕುವವರದ್ದು ಶೆಡ್ಡು ಮತ್ತು ಬೆವರು. ಅದು ನನಗೆ ಸರಿಬರಲಿಲ್ಲ. ನಾನೇ ಮರಿ ತಂದು, ನಾನೇ ಫೀಡ್ ಬೆರೆಸಿ ಸಾಕುತ್ತೇನೆ ಎಂದು ಹಟ ಹಿಡಿದೆ. ಮಂಗಳೂರಿನಲ್ಲಿ ಒಂದು ತರಬೇತಿಗೆ ಹೋಗಿ ಬಂದೆ. ಜೋಳ ಘಟ್ಟದ ಮೇಲಿನಿಂದ ಬರುತ್ತಿತ್ತು, ಸೋಯಾ ಹಿಂಡಿ ಪುತ್ತೂರಿನಲ್ಲಿ ಸಿಗುತ್ತಿತ್ತು. ಇವೆರಡನ್ನೇ ಬೆರೆಸಿದರೆ ಕೋಳಿಗೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮೈ ತುಂಬಬೇಕಾದರೆ ಇನ್ನೆರಡು ಹುಡಿ ಸೇರಬೇಕು. ಒಂದು ಲೈಸಿನ್, ಇನ್ನೊಂದು ಮೆಥಿಯೋನಿನ್. ಎರಡೂ ಅಮೈನೋ ಆಮ್ಲಗಳು. ಮಾಂಸ, ರೆಕ್ಕೆ, ಪುಕ್ಕ ಎಲ್ಲ ಕಟ್ಟುವುದು ಇಂಥ ಅಮೈನೋ ಆಮ್ಲಗಳಿಂದಲೇ. ಮೆಥಿಯೋನಿನ್ ಹುಡಿಗೆ ಬೇಯಿಸಿ ಮುಚ್ಚಿಟ್ಟ ಕ್ಯಾಬೇಜಿನ ವಾಸನೆ. ನಮ್ಮ ಮನೆಯಲ್ಲಿ ಅದಕ್ಕೆ ಇದ್ದ ಹೆಸರು 'ಆ ನಾತದ ಹುಡಿ'.

ಬಿಳಿ ಹುಡಿ ಬೆರೆಸುವುದನ್ನು ಕಂಡವರೆಲ್ಲ ಅದು ಕೋಳಿ ಉಬ್ಬಿಸುವ ಮದ್ದು ಎಂದೇ ತೀರ್ಮಾನ ಮಾಡಿದ್ದರು. ಮದ್ದಲ್ಲ, ಆಹಾರದ ಒಂದು ಅಂಶ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಅರ್ಥ ಮಾಡಿಕೊಂಡವರು ಅತ್ತೆ ಒಬ್ಬರೇ. ಅವರು ಹಿಂದೆ ಬೀಡಿ ಕಟ್ಟಿದವರು. ನಾನು ಕೇಳಿದೆ, "ಅತ್ತೆ, ಎಲೆ ಉಂಟು, ಹೊಗೆಸೊಪ್ಪು ಉಂಟು, ನೂಲು ಮುಗಿದಿದೆ. ಎಷ್ಟು ಬೀಡಿ ಆಗ್ತದೆ?"

"ನೂಲು ಇಲ್ಲದೆ ಎಂತ ಬೀಡಿ? ಒಂದೂ ಆಗುದಿಲ್ಲ."

"ಕೋಳಿಯ ಮೈಗೂ ಹಾಗೆಯೇ. ಬೇರೆ ಎಲ್ಲ ಎಷ್ಟು ಸುರಿದ್ರೂ ಈ ಹುಡಿ ಕಡಿಮೆ ಆದ್ರೆ ಮಾಂಸ ಕಟ್ಟುದಿಲ್ಲ. ಉಳಿದದ್ದೆಲ್ಲ ದಂಡ."

ಅತ್ತೆ, "ಹಾಗಾದ್ರೆ ಆ ನಾತದ ಹುಡಿ ನೂಲು," ಎಂದರು. ತರಬೇತಿಯಲ್ಲಿ ನನ್ನ ತಲೆಗೆ ಹತ್ತಲಿಕ್ಕೆ ಅರ್ಧ ದಿನ ಹಿಡಿದ ವಿಷಯ ಅದು. ನಮ್ಮ ಮನೆಯ ಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ನಮ್ಮಲ್ಲಿ ಜಗಳ ಆಗುತ್ತಿರಲಿಲ್ಲ. ಈ ಹುಡಿಗಳು ಯಾವ ಪ್ರಾಯಕ್ಕೆ ಎಷ್ಟು ಬೇಕು ಎನ್ನುವಲ್ಲಿ ಮಾವನ ತೋಟಕ್ಕೂ ನನ್ನ ಶೆಡ್ಡಿಗೂ ಎಣ್ಣೆ ಸೀಗೆಕಾಯಿ. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗೆ ಅತಿ ಗಟ್ಟಿ ಆಹಾರ ಬೇಕು. ಲೈಸಿನ್, ಮೆಥಿಯೋನಿನ್ ಎಲ್ಲ ಆ ಫೀಡಿನಲ್ಲೇ ಹೆಚ್ಚು. ಕೋಳಿ ದೊಡ್ಡದಾಗುತ್ತ ಹೋದಂತೆ ತಿನ್ನುವುದು ಹೆಚ್ಚುತ್ತದೆ, ಆದ್ದರಿಂದ ಫೀಡಿನಲ್ಲಿ ಇವುಗಳ ಪಾಲು ಇಳಿಸುತ್ತ ಬರಬೇಕು. ಮಾವನ ಜೀವಮಾನದ ಅನುಭವ ಇದಕ್ಕೆ ಪೂರಾ ಉಲ್ಟಾ.

"ಎಳೆ ಗಿಡಕ್ಕೆ ಗೊಬ್ಬರ ಜಾಸ್ತಿ ಹಾಕಿದ್ರೆ ಎಂತ ಆಗ್ತದೆ?" ಎಂದು ಕೇಳಿದರು.

"ಸುಟ್ಟು ಹೋಗ್ತದೆ."

"ಮತ್ತೆ? ಸಣ್ಣದಕ್ಕೆ ಸಣ್ಣ ಬಲ, ದೊಡ್ಡದಕ್ಕೆ ದೊಡ್ಡ ಬಲ. ಇದಕ್ಕೆ ಮಂಗಳೂರಿಗೆ ಹೋಗ್ಬೇಕಾ?"

"ಮಾವ, ಅಡಿಕೆ ಗಿಡ ವರ್ಷಗಟ್ಟಲೆ ನಿಧಾನ ಬೆಳೆಯುದು. ಈ ಮರಿ ಒಂದು ವಾರದಲ್ಲಿ ನಾಲ್ಕು ಪಾಲು ಆಗ್ಬೇಕು. ಅದು ತಿನ್ನುದು ಚಮಚದಷ್ಟು. ಆ ಚಮಚದಲ್ಲೇ ಎಲ್ಲ ಇರ್ಬೇಕಲ್ಲ?"

"ನಿನ್ನೆ ಹುಟ್ಟಿದ ಮಗುವಿಗೆ ಬಿರಿಯಾನಿ ಕೊಡ್ತೀಯಾ ನೀನು?"

ಅತ್ತೆ ನಕ್ಕುಬಿಟ್ಟರು. ಮಾವನ ಮಾತಿಗೆ ಅತ್ತೆ ನಕ್ಕರೆ ನಮ್ಮ ಮನೆಯಲ್ಲಿ ಆ ವಾದ ಮುಗಿಯಿತು ಎಂದು ಅರ್ಥ. ನನ್ನ ಗಂಡ ಪುತ್ತೂರು-ಸುಳ್ಯ ಬಸ್ಸಿನ ಡ್ರೈವರ್. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಅವರ ಹತ್ತಿರ ದೂರು ಹೇಳಿದೆ. "ಅಪ್ಪ ಹೇಳಿದ್ದೂ ಒಂದು ರೀತಿಯಲ್ಲಿ ಸರಿ, ನೀನು ಹೇಳಿದ್ದೂ ಒಂದು ರೀತಿಯಲ್ಲಿ ಸರಿ," ಎಂದು ಮಗ್ಗುಲು ಬದಲಿಸಿದರು. ಎರಡೂ ಕಡೆಯ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಅಭ್ಯಾಸ ಅವರಿಗೆ ಮನೆಯಲ್ಲೂ ಹೋಗಿಲ್ಲ. ಅಷ್ಟಾದರೂ ಮೊದಲ ಕೆಲವು ಸಲ ಮರಿ ತಂದಾಗ ಶೆಡ್ಡು ನನ್ನ ಕೈಯಲ್ಲೇ ಇತ್ತು, ಕೋಳಿ ಚೆನ್ನಾಗಿಯೇ ಬಂತು.

ನನ್ನ ಕೋಳಿಗಳನ್ನು ಕೊಳ್ಳುತ್ತಿದ್ದವರು ಪುತ್ತೂರಿನ ಒಬ್ಬ ವ್ಯಾಪಾರಿ. ಬ್ಯಾರಿ ಮುಸ್ಲಿಮರು, ಅವರ ತಂದೆಯ ಕಾಲದಿಂದಲೂ ಕೋಳಿ ವ್ಯಾಪಾರ. ನಾವೆಲ್ಲ ಕರೆಯುವುದು ಕಾಕ ಎಂದು. ಕೋಳಿಯ ಎದೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಒಳ್ಳೆ ಮಾಂಸ ಕಟ್ಟಿದೆ ಅಕ್ಕ," ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಕಾಯುತ್ತಿದ್ದೆ ಎಂದು ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ. ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲವಲ್ಲ.

ಒಂದು ದಿನ ಕಾಕ ಕೋಳಿ ಒಯ್ಯಲಿಕ್ಕಲ್ಲ, ಬೇರೆ ಕೆಲಸಕ್ಕೆ ಬಂದರು. ಮಗಳ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಗಲ್ಫಿನಲ್ಲಿ ವ್ಯಾಪಾರ ಇರುವವರು, ನಾಲ್ಕು ಕಡೆ ಊಟ ಮಾಡಿ ಬಂದವರು. ಅವರ ಮದುವೆಗಳಲ್ಲಿ ದೊಡ್ಡ ಹರಿವಾಣದ ಸುತ್ತ ಐದಾರು ಮಂದಿ ಕುಳಿತು ಒಟ್ಟಿಗೆ ಉಣ್ಣುತ್ತಾರೆ. ತುಪ್ಪದನ್ನದ ಮೇಲೆ ಒಂದು ಇಡೀ ಕೋಳಿ ಹುರಿದು ಇಡುವುದೆಂದು ಕಾಕ ಮಾತು ಕೊಟ್ಟಿದ್ದರು.

"ನನಗೆ ಎಲ್ಲ ಕೋಳಿ ಒಂದೇ ಹದ ಬೇಕು ಅಕ್ಕ," ಎಂದರು. "ಒಂದು ಹರಿವಾಣದಲ್ಲಿ ದೊಡ್ಡದು, ಪಕ್ಕದ ಹರಿವಾಣದಲ್ಲಿ ಸಣ್ಣದು ಆಗ್ಲಿಕ್ಕೆ ಆಗುದಿಲ್ಲ. ಸಣ್ಣದು ಸಿಕ್ಕಿದವರು ನಮ್ಮನ್ನು ಕಡೆಗಣಿಸಿದ್ರು ಅಂತ ತಿಳ್ಕೊಳ್ತಾರೆ. ಬೇರೆಯವರ ಮನೆಯಲ್ಲಾದ್ರೆ ಜನ ಮರೀತಾರೆ. ಕೋಳಿ ವ್ಯಾಪಾರಿಯ ಮಗಳ ಮದುವೆಯಲ್ಲಿ ಕೋಳಿ ಸರಿ ಇರ್ಲಿಲ್ಲ ಅಂತ ಆದ್ರೆ ನಾನು ಅಂಗಡಿಯಲ್ಲಿ ಎಂತ ಮುಖ ಇಟ್ಟು ಕೂತ್ಕೊಳ್ಳುದು?"

"ಒಂದೇ ಹದ ಕೊಡ್ತೇನೆ ಕಾಕ," ಎಂದೆ. ಕೊಡಬಲ್ಲೆ ಎಂಬ ಧೈರ್ಯ ನನಗಿತ್ತು. ಮೊದಲ ವಾರ ಎಲ್ಲ ಮರಿಗಳಿಗೂ ಸರಿಯಾದ ಫೀಡ್, ಎಲ್ಲಕ್ಕೂ ಬಾಯಿ ಹಾಕುವಷ್ಟು ಜಾಗ. ಅಷ್ಟಾದರೆ ಮರಿಗಳು ಒಟ್ಟಿಗೆ ಏಳುತ್ತವೆ. ಮದುವೆಯ ದಿನಕ್ಕೆ ಸರಿಯಾಗಿ ಹದಕ್ಕೆ ಬರುವ ಹಾಗೆ ಲೆಕ್ಕ ಹಾಕಿ ಮರಿ ತರಿಸಿದೆ. ಆ ವಾರಕ್ಕೆ ಬೇಕಾದ ಫೀಡನ್ನು ಮೊದಲೇ ಬೆರೆಸಿ, ಚೀಲಗಳನ್ನು ಬೇರೆಯೇ ಇಟ್ಟೆ.

ಮರಿಗಳು ಬಂದ ಮರುದಿನವೇ ನನ್ನ ಅಮ್ಮನ ಕಣ್ಣಿನ ಆಪರೇಷನ್. ಅದು ಮುಂದಿನ ತಿಂಗಳು ಆಗಬೇಕಿತ್ತು. ಜಾಗ ಸಿಕ್ಕಿತು, ಈಗಲೇ ಬನ್ನಿ ಎಂದು ಪುತ್ತೂರಿನ ಆಸ್ಪತ್ರೆಯಿಂದ ಫೋನು ಬಂತು. ಅಮ್ಮನನ್ನು ಕಡಬದಿಂದ ಕರೆದುಕೊಂಡು ಬಂದು, ಆಮೇಲೆ ಕೆದಂಬಾಡಿಯ ನನ್ನ ಅಕ್ಕನ ಮನೆಯಲ್ಲಿ ಒಂದು ವಾರ ಜೊತೆಗಿರಬೇಕು. ಬೇರೆ ದಾರಿ ಇರಲಿಲ್ಲ. ಮಾವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಚೀಲ ತೋರಿಸಿದೆ. "ಇದು ಬಿಟ್ಟು ಬೇರೆ ಎಂತದ್ದೂ ಬೇಡ ಮಾವ. ತಟ್ಟೆ ಖಾಲಿ ಆಗ್ಲಿಕ್ಕೆ ಬಿಡ್ಬೇಡಿ," ಎಂದೆ. "ನೀನು ನಿಶ್ಚಿಂತೆಯಿಂದ ಹೋಗಿ ಬಾ. ನಾನು ಇದ್ದೇನಲ್ಲ," ಎಂದರು.

ಕೆದಂಬಾಡಿಯಿಂದ ದಿನಾ ಫೋನು ಮಾಡುತ್ತಿದ್ದೆ.

"ಮರಿಗಳು ಹೇಗುಂಟು ಮಾವ?"

"ಭಾರಿ ಚುರುಕು ಉಂಟು."

"ಫೀಡ್ ತಿಂತಾವಾ?"

"ಹೊಟ್ಟೆ ತುಂಬ ತಿಂತಾವೆ. ನೀನು ಅಮ್ಮನನ್ನು ನೋಡ್ಕೊ."

ನಾನು ಅಕ್ಕನ ಹತ್ತಿರ ಮಾವನನ್ನು ಹೊಗಳಿದೆ. ಈಗ ನೆನಪಾದರೆ ಮೈ ಉರಿಯುತ್ತದೆ.

ವಾಪಸು ಬಂದವಳು ಕಾಲು ತೊಳೆದು ನೇರ ಶೆಡ್ಡಿಗೆ ಹೋದೆ. ಮರಿಗಳು ಚುರುಕಾಗಿಯೇ ಇದ್ದವು. ಉಮಿಯ ಹಾಸು ಒಣಗಿತ್ತು, ನೀರು ಶುದ್ಧ ಇತ್ತು, ಬಲ್ಬಿನ ಕಾವು ಹದವಾಗಿತ್ತು. ಒಂದು ಮರಿಯೂ ಸತ್ತಿರಲಿಲ್ಲ. ಮಾವ ಬಾಗಿಲಲ್ಲಿ ಹೆಮ್ಮೆಯಿಂದ ನಿಂತಿದ್ದರು. ಒಂದು ಮರಿಯನ್ನು ಎತ್ತಿಕೊಂಡೆ. ಕೈಗೆ ಭಾರವೇ ಸಿಗಲಿಲ್ಲ. ಇನ್ನೊಂದು ಎತ್ತಿದೆ, ಅದು ಪರವಾಗಿಲ್ಲ. ಮತ್ತೊಂದು ಮೊದಲಿನದಕ್ಕಿಂತಲೂ ಹಗುರ, ರೆಕ್ಕೆಯಲ್ಲಿ ಪುಕ್ಕ ಸರಿಯಾಗಿ ಮೂಡಿರಲಿಲ್ಲ. ಚೀಲ ನೋಡಿದರೆ ಹೆಚ್ಚುಕಡಿಮೆ ನಾನು ಇಟ್ಟು ಹೋದ ಹಾಗೆಯೇ ಇತ್ತು.

"ಮಾವ, ಇವಕ್ಕೆ ಎಂತ ಹಾಕಿದ್ರಿ?"

"ಕಡಿಯಕ್ಕಿ. ಸ್ವಲ್ಪ ತೆಂಗಿನ ಹಿಂಡಿ. ಮೇಲಿನಿಂದ ಒಂದೊಂದು ಹಿಡಿ ನಿನ್ನ ಫೀಡ್."

"ಒಂದು ಹಿಡಿಯಾ?"

"ಅದು ಬಲದ್ದಲ್ಲವಾ? ಎಳೆ ಹೊಟ್ಟೆ. ಅಷ್ಟು ಗಟ್ಟಿ ಹಾಕಿದ್ರೆ ತಡ್ಕೊಳ್ತದಾ? ಉಳಿಸಿ ಇಟ್ಟಿದ್ದೇನೆ, ದೊಡ್ಡದಾದ ಮೇಲೆ ಕೊಡು."

ಊಟಕ್ಕೆ ಉಪ್ಪಿನಕಾಯಿ ಬಡಿಸುವ ಹಾಗೆ ಬಡಿಸಿದ್ದರು. ಆ ಒಂದು ಹಿಡಿಗೆ ನುಗ್ಗುವ ಮರಿಗಳು ನುಗ್ಗಿದ್ದವು, ತಿಂದಿದ್ದವು. ನುಗ್ಗಲಾಗದವು ನುಚ್ಚಕ್ಕಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಬಲ್ಬಿನ ಕೆಳಗೆ ಹೋಗಿ ಮಲಗಿದ್ದವು. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ತೆಂಗಿನ ಹಿಂಡಿಯಲ್ಲೂ ಕಡಿಮೆ. ನೂಲಿಲ್ಲದೆ ಬೀಡಿ ಎಲೆಯ ಮೇಲೆ ಎಲೆ ಪೇರಿಸಿದ್ದಷ್ಟೇ ಬಂತು. ಒಂದೇ ವಾರದಲ್ಲಿ ಒಂದೇ ಗೂಡಿನ ಮರಿಗಳು ಮೂರು ತರ ಆಗಿದ್ದವು.

ನಾನು ಅಳಲಿಲ್ಲ. ಅಳುವಷ್ಟು ಮೆತ್ತಗಿನ ಸಿಟ್ಟು ಅದಲ್ಲ. "ಇನ್ನು ಇವು ಒಂದೇ ಹದಕ್ಕೆ ಬರುದಿಲ್ಲ ಮಾವ. ಕಾಕನ ಮಗಳ ಮದುವೆಗೆ ಕೊಡ್ಬೇಕಾದ ಕೋಳಿ ಇದು," ಎಂದೆ. ಮಾವ ನನ್ನ ಮುಖವನ್ನು ನಿಜವಾದ ಆಶ್ಚರ್ಯದಿಂದ ನೋಡಿದರು.

"ಒಂದಾದ್ರೂ ಸತ್ತಿದೆಯಾ?"

"ಇಲ್ಲ."

"ಮತ್ತೆ ಎಂತ ನಿನ್ನ ರಗಳೆ?"

ಸತ್ತಿದ್ದರೆ ತೋರಿಸಬಹುದಿತ್ತು. ಬದುಕಿರುವ ಮರಿಯ ಮೈಯಲ್ಲಿ ಆಗದೆ ಹೋದ ಮಾಂಸವನ್ನು ಯಾರಿಗೆ ತೋರಿಸುವುದು? ಅತ್ತೆಯಾದರೂ ನನ್ನ ಕಡೆ ಮಾತಾಡಬಹುದೆಂದು ಒಳಗೆ ಹೋದೆ. "ನೂಲಿನ ವಿಷಯ ನಿಮಗೆ ಗೊತ್ತಿತ್ತಲ್ಲ ಅತ್ತೆ," ಎಂದೆ. "ಗೊತ್ತಿತ್ತು ಮಗಾ. ಆದ್ರೆ ಅವರು ಅಷ್ಟು ಪ್ರೀತಿಯಿಂದ ಬೆಳಿಗ್ಗೆ ಎದ್ದು ಅಕ್ಕಿ ತೊಳೆದು ಆರಿಸಿ ಹಾಕ್ತಾ ಇದ್ರು. ಹೇಗೆ ಬೇಡ ಹೇಳುದು?" ಎಂದರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಆ ಹೊತ್ತಿನಿಂದಲೇ ಗಟ್ಟಿ ಫೀಡ್ ಹಾಕಲಿಕ್ಕೆ ಶುರುಮಾಡಿದೆ. ಸಣ್ಣವನ್ನು ಬೇರೆ ಮಾಡಿ ತಟ್ಟೆ ಹೆಚ್ಚಿಸಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಸಣ್ಣವು ಬೆಳೆದವು, ಆದರೆ ದೊಡ್ಡವೂ ಬೆಳೆಯುತ್ತಲೇ ಇದ್ದವು. ನಡುವಿನ ಅಂತರ ಮುಚ್ಚಲಿಲ್ಲ. ಇನ್ನೂ ಹೆಚ್ಚು ದಿನ ಇದ್ದಿದ್ದರೆ ಏನಾಗುತ್ತಿತ್ತೋ, ಮದುವೆಯ ದಿನವಂತೂ ಕಾಯುವುದಿಲ್ಲ. ಮಾವ ದಿನಾ ಬಂದು, "ನೋಡು, ಈಗ ಹೇಗೆ ಏಳ್ತಾ ಉಂಟು," ಎಂದು ದೊಡ್ಡ ಕೋಳಿಗಳನ್ನೇ ತೋರಿಸುತ್ತಿದ್ದರು. ಸಣ್ಣವು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ತೋಟದಲ್ಲಿ ನೂರು ಮರದ ನಡುವೆ ಒಂದು ಹಳದಿ ಸೋಗೆ ಕಾಣುವ ಕಣ್ಣು ಅದು.

ಮದುವೆಗೆ ಒಂದು ವಾರ ಇರುವಾಗ ಕಾಕನಿಗೆ ನಾನೇ ಫೋನು ಮಾಡಿ ಕರೆಸಿದೆ. ಮುಚ್ಚಿಡುವ ಹಾಗಿರಲಿಲ್ಲ. ಅವರು ಶೆಡ್ಡಿನೊಳಗೆ ಬಂದು ಒಂದು ಸುತ್ತು ನೋಡಿದರು. ಒಂದೆರಡು ಕೋಳಿಗಳ ಎದೆ ಒತ್ತಿದರು. ಮಾಂಸದ ಮಾತು ಬರಲಿಲ್ಲ. ಆದದ್ದನ್ನು ಇದ್ದ ಹಾಗೆ ಹೇಳಿದೆ, ಮಾವನ ಕಡಿಯಕ್ಕಿಯನ್ನೂ ಸೇರಿಸಿ.

"ಹಿರಿಯರು. ಬಿಡಿ ಅಕ್ಕ," ಎಂದರು.

"ಬಿಡುದು ಹೇಗೆ ಕಾಕ? ಬೇರೆ ಕಡೆಯಿಂದಾದ್ರೂ ತನ್ನಿ. ನನಗೆ ಬೇಸರ ಇಲ್ಲ."

ಅವರು ಪುತ್ತೂರು, ಕಡಬ ಎಲ್ಲ ಕಡೆ ವಿಚಾರಿಸಿದರು. ಹದಿನೈದು ದಿನ ಮೊದಲಾದರೂ ಹೇಳಬೇಕಿತ್ತು, ಈಗ ಒಂದೇ ಹದದ ಅಷ್ಟು ಕೋಳಿ ಯಾರ ಹತ್ತಿರವೂ ಇಲ್ಲ ಎಂದು ಎಲ್ಲರದ್ದೂ ಒಂದೇ ಉತ್ತರ. ಕೊನೆಗೆ ನನ್ನ ಶೆಡ್ಡಿಗೇ ವ್ಯಾನು ಬಂತು, ಅಷ್ಟೂ ಕೋಳಿಗಳನ್ನು ತುಂಬಿಕೊಂಡು ಹೋಯಿತು. "ದೊಡ್ಡವನ್ನು ಎದುರಿನ ಸಾಲಿಗೆ ಹಾಕಿ ಸುಧಾರಿಸುವ," ಎಂದರು ಕಾಕ. ದೊಡ್ಡವು ಆ ಒಂದು ಸಾಲಿಗೂ ಸಾಲುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮದುವೆಗೆ ನಮ್ಮ ಮನೆಯವರೆಲ್ಲ ಹೋದೆವು. ಪುತ್ತೂರಿನ ಹಾಲ್. ಒಳಗೆ ಹೆಂಗಸರಿಗೆ ಬೇರೆ ಊಟ. ಹೊರಗೆ ಚಪ್ಪರದಲ್ಲಿ ಗಂಡಿನ ಕಡೆಯ ಗಂಡಸರ ಸಾಲು. ನಮ್ಮಂಥ ನೆಂಟರಲ್ಲದ ಪರಿಚಯದವರಿಗೆ ಅದೇ ಚಪ್ಪರದ ಬದಿಯಲ್ಲಿ ಮೇಜು ಹಾಕಿದ್ದರು, ಸಂಸಾರ ಸಮೇತ ಒಟ್ಟಿಗೆ ಕುಳಿತುಕೊಳ್ಳುವ ಹಾಗೆ. ಕಾಕ ಹೊಸ ಬಿಳಿ ಅಂಗಿ ಹಾಕಿಕೊಂಡು ಎಲ್ಲ ಕಡೆ ಓಡಾಡುತ್ತಿದ್ದರು. ಮಾವನನ್ನು ಕಂಡವರೇ ಕೈ ಹಿಡಿದು ಕರೆದುಕೊಂಡು ಬಂದು ಕೂರಿಸಿದರು.

ನಮ್ಮ ಮೇಜಿಗೆ ಹರಿವಾಣವನ್ನು ಕಾಕ ತಾವೇ ತಂದರು. ತುಪ್ಪದನ್ನದ ಮೇಲೆ ಇದ್ದದ್ದು ನನ್ನ ಶೆಡ್ಡಿನ ಅತಿ ದೊಡ್ಡ ಕೋಳಿಗಳಲ್ಲಿ ಒಂದು. "ಗೌಡ್ರೆ, ನೀವು ಸಾಕಿದ ಕೋಳಿ. ನಿಮಗೆ ಒಳ್ಳೆದೇ ಕೊಡ್ಬೇಕಲ್ಲ," ಎಂದರು.

ಮಾವನ ಮುಖ ಅರಳಿತು. ತೊಡೆಯ ತುಂಡು ಮುರಿಯುತ್ತ ನನ್ನ ಕಡೆ ತಿರುಗಿದರು. "ನೋಡಿದೆಯಾ? ಮೊದಲೇ ಎಲ್ಲ ಮುಗಿಸಿ ಹಾಕ್ತಿದ್ರೆ ಆಮೇಲೆ ಎಂತ ಕೊಡ್ತಿದ್ದೆ? ನಾನು ಉಳಿಸಿ ಇಟ್ಟದ್ದರಿಂದ ಇಷ್ಟಾದ್ರೂ ಆಯ್ತು."

ನಾನು ಮುಖ ತಿರುಗಿಸಿದೆ. ಎದುರಿನ ಸಾಲಿನಲ್ಲಿ ಮುಚ್ಚಳಗಳನ್ನು ತೆಗೆಯುತ್ತಿದ್ದರು. ಒಂದು ಹರಿವಾಣದಲ್ಲಿ ಕೋಳಿ ಅನ್ನದ ಮೇಲೆ ಠೀವಿಯಲ್ಲಿ ಕುಳಿತಿತ್ತು. ಅದರ ಪಕ್ಕದ್ದರಲ್ಲಿ ಅನ್ನದ ನಡುವೆ ಹುಡುಕುವ ಹಾಗಿತ್ತು. ಗಂಡಿನ ಕಡೆಯ ಒಬ್ಬ ಹಿರಿಯರು ಮುಚ್ಚಳ ತೆಗೆದು ನೋಡಿ, ಪಕ್ಕದ ಹರಿವಾಣವನ್ನೂ ನೋಡಿ, ಮೆಲ್ಲಗೆ ಮುಚ್ಚಳವನ್ನು ಪುನಃ ಹಾಕಿದರು. ಅವರ ಜೊತೆಯ ಯುವಕನೊಬ್ಬ ದೊಡ್ಡ ಸ್ವರದಲ್ಲೇ ಹೇಳಿದ, "ನಮಗೆ ಪಾರಿವಾಳ ಇಟ್ಟಿದ್ದಾರೆ." ಸುತ್ತ ಕುಳಿತವರು ನಕ್ಕರು. ಕಾಕ ಓಡಿ ಹೋದರು, ಅವರ ಜೊತೆ ತಾವೂ ನಕ್ಕರು, ಹೆಗಲ ಮೇಲೆ ಕೈ ಇಟ್ಟು ಏನೋ ಹೇಳಿದರು, ಇನ್ನೊಂದು ಕೋಳಿ ತರಲಿಕ್ಕೆ ಒಳಗೆ ಕೂಗಿದರು. ಬಂದದ್ದೂ ಸಣ್ಣದೇ. ಇಷ್ಟು ದಿನ ನಾನು ಕಂಡ ಕಾಕನ ನಗು ಅದಲ್ಲ. ಹುಡುಗಿಯ ತಂದೆ ಮಗಳ ಮದುವೆಯ ದಿನ ಹಾಗೆ ನಗಬೇಕಾಗಿ ಬಂತು, ನನ್ನ ಕೋಳಿಯಿಂದ.

ನನಗೆ ತಡೆಯಲಿಕ್ಕಾಗಲಿಲ್ಲ. "ಮಾವ, ಆ ಕಡೆ ಒಮ್ಮೆ ನೋಡಿ," ಎಂದೆ.

ಮಾವ ನೋಡಿದರು. ಕೈಯಲ್ಲಿದ್ದ ತುಂಡನ್ನು ಹರಿವಾಣದಲ್ಲಿ ಇಟ್ಟರು. ತೋಟದಲ್ಲಿ ರೋಗದ ಮರದ ಎದುರು ನಿಂತಾಗ ಅವರ ಹುಬ್ಬು ಹೇಗೆ ಕೂಡುತ್ತದೋ ಹಾಗೆಯೇ ಕೂಡಿತು. ಇವತ್ತು ಕಂಡರು, ಇವತ್ತಾದರೂ ಒಂದು ಮಾತು ಹೇಳುತ್ತಾರೆ ಎಂದು ನಾನು ಕಾದೆ. ಅಷ್ಟರಲ್ಲಿ ಕಾಕ ನೀರಿನ ಜಗ್ಗು ಹಿಡಿದುಕೊಂಡು ನಮ್ಮ ಮೇಜಿನ ಹತ್ತಿರ ಬಂದರು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ಅದೆಲ್ಲ ನಮ್ಮ ಶೆಡ್ಡಿನದ್ದಾ?" ಎಂದು ಮಾವ ಅವರನ್ನು ಕೇಳಿದರು.

ಕಾಕ ಒಮ್ಮೆ ನನ್ನ ಮುಖ ನೋಡಿದರು.

"ಛೆ ಛೆ, ಅಲ್ಲ ಗೌಡ್ರೆ. ಆ ಸಣ್ಣದೆಲ್ಲ ಬೇರೆ ಫಾರ್ಮಿನದ್ದು. ನಿಮ್ಮದು ಸಾಕಾಗ್ಲಿಲ್ಲ, ಅಲ್ಲಿಂದ ಸ್ವಲ್ಪ ತಂದದ್ದು," ಎಂದು ಮಾವನ ಲೋಟಕ್ಕೆ ನೀರು ತುಂಬಿಸಿದರು. "ನೀವು ಸರೀ ಊಟ ಮಾಡಿ."

ಮಾವನ ಹುಬ್ಬು ಸಡಿಲವಾಯಿತು. "ಅದನ್ನೇ ಹೇಳಿದೆ," ಎಂದು ನನ್ನ ಕಡೆ ನೋಡದೆ ಹೇಳಿ, ಇಟ್ಟ ತುಂಡನ್ನು ಮತ್ತೆ ಕೈಗೆತ್ತಿಕೊಂಡರು.